ಜಮಾಬಂದಿಗೆ ಹೋದರೆ ಏನು ಕೇಳಬೇಕು?

ಮನೆ ಪಟ್ಟಿ ಮಾಡುವ ಗ್ರಾಮ ಸಭೆಗೆ ಜನ ಬರುತ್ತಾರೆ. ಕುರ್ಚಿ ಸಾಲದೆ ನಿಂತಿರುತ್ತಾರೆ, ಕೂಗಾಡುತ್ತಾರೆ, ಒಮ್ಮೊಮ್ಮೆ ಪೊಲೀಸರನ್ನೂ ಕರೆಸಬೇಕಾಗುತ್ತದೆ. ಅದೇ ಪಂಚಾಯಿತಿಯಲ್ಲಿ ಜಮಾಬಂದಿ ಅಂತ ನೋಟಿಸ್ ಅಂಟಿಸಿದರೆ ಬರುವವರು ಮೆಂಬರ್‌ಗಳು, ಸಿಬ್ಬಂದಿ, ಬರಲೇಬೇಕು ಅಂತ ಹೇಳಿಸಿಕೊಂಡ ಅಂಗನವಾಡಿ ಟೀಚರ್‌ಗಳು, ಆಮೇಲೆ ಇ-ಸ್ವತ್ತು (ಮನೆ, ಸೈಟಿನ ದಾಖಲೆ) ಕೇಳೋಕೆ ಬಂದು ಅಲ್ಲೇ ಸಿಕ್ಕಿಹಾಕಿಕೊಂಡ ನಾಲ್ಕು ಜನ. ಕಾರಣ ಇಷ್ಟೇ. ಜಮಾಬಂದಿಯಲ್ಲಿ ಯಾರಿಗೂ ಏನೂ ಸಿಗುವುದಿಲ್ಲ. ಮನೆ ಇಲ್ಲ, ಸೈಟಿಲ್ಲ. ಹೋದ ವರ್ಷ ಬಂದ ದುಡ್ಡು ಎಲ್ಲಿಗೆ ಹೋಯಿತು ಅಂತ ಓದುತ್ತಾರೆ.

ನನ್ನ ಲೆಕ್ಕದಲ್ಲಿ ವರ್ಷಕ್ಕೆ ಒಂದೇ ದಿನ ಪಂಚಾಯಿತಿಗೆ ಹೋಗಲು ಬಿಡುವಿದೆ ಅನ್ನುವವರು ಹೋಗಬೇಕಾದದ್ದು ಈ ದಿನವೇ. ಗ್ರಾಮ ಸಭೆಯಲ್ಲಿ ಕೇಳಿದ್ದಕ್ಕೆಲ್ಲ 'ಆಯ್ತಮ್ಮ, ಮಾಡೋಣ' ಅನ್ನಬಹುದು. ಜಮಾಬಂದಿಯಲ್ಲಿ 'ಮಾಡೋಣ' ಅನ್ನುವ ಮಾತೇ ಬರುವುದಿಲ್ಲ. ಮಾಡಿದ್ದೇವೆ ಅಂತ ಪುಸ್ತಕದಲ್ಲಿ ಬರೆದಾಗಿದೆ, ಬಿಲ್ ಆಗಿದೆ, ದುಡ್ಡು ಹೋಗಿದೆ. ಆ ಕೆಲಸ ಬೀದಿಯಲ್ಲಿ ಇದೆಯೋ ಇಲ್ಲವೋ ಅನ್ನುವುದೊಂದೇ ಉಳಿದಿರುವ ಪ್ರಶ್ನೆ. ಅದಕ್ಕೆ ಉತ್ತರ ಕೊಡಲು ಆ ಬೀದಿಯವರಿಗಿಂತ ದೊಡ್ಡ ಪರಿಣತರು ಬೇಕಾಗಿಲ್ಲ.

ಮೊದಲು ಸಭೆಗಳ ಗೋಜಲು ಬಿಡಿಸೋಣ

ಪಂಚಾಯಿತಿ ಅಂದರೆ ಹತ್ತಾರು ಹೆಸರಿನ ಸಭೆಗಳು. ವಾರ್ಡ್ ಸಭೆ, ಗ್ರಾಮ ಸಭೆ, ಮಹಿಳಾ ಗ್ರಾಮ ಸಭೆ, ಮಕ್ಕಳ ಗ್ರಾಮ ಸಭೆ, ವಸತಿ ಗ್ರಾಮ ಸಭೆ, ಸೋಷಿಯಲ್ ಆಡಿಟ್ ಗ್ರಾಮ ಸಭೆ, ಸಾಮಾನ್ಯ ಸಭೆ. ಇದರ ನಡುವೆ ಜಮಾಬಂದಿ. ಎಲ್ಲವೂ ಒಂದೇ ಶಾಮಿಯಾನದ ಕೆಳಗೆ, ಅದೇ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ನಡೆಯುವುದರಿಂದ ಯಾವುದು ಯಾವುದಕ್ಕೆ ಅಂತ ಯಾರಿಗೂ ತಿಳಿಯುವುದಿಲ್ಲ.

ಬುಡದಲ್ಲಿರುವುದು ವಾರ್ಡ್ ಸಭೆ. ಸಾಮಾನ್ಯವಾಗಿ 400 ಜನಕ್ಕೆ ಒಬ್ಬ ಮೆಂಬರ್ ಅನ್ನುವ ಲೆಕ್ಕದಲ್ಲಿ ಪಂಚಾಯಿತಿಗೆ ಆರಿಸಿ ಕಳಿಸುತ್ತೇವೆ. ಆ ವಾರ್ಡಿನ ಮತದಾರರೆಲ್ಲ ಸೇರಿದರೆ ವಾರ್ಡ್ ಸಭೆ. ನಮ್ಮ ಬೀದಿಗೆ ಏನು ಬೇಕು ಅಂತ ಅಲ್ಲಿ ಹೇಳಬೇಕು. ಅದರ ಮೇಲಿನದು ಗ್ರಾಮ ಸಭೆ, ಪಂಚಾಯಿತಿಗೆ ಸೇರಿದ ಎಲ್ಲಾ ಹಳ್ಳಿಗಳ ಮತದಾರರದ್ದು. ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆ 1993ರದ್ದು. ಅದರ ಪ್ರಕಾರ ಎರಡೂ ಸಭೆಗಳು ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ಗ್ರಾಮ ಸಭೆಗೆ ಕೋರಂ ಇದೆ. ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಜನ, ಎರಡರಲ್ಲಿ ಯಾವುದು ಕಮ್ಮಿಯೋ ಅಷ್ಟು ಜನ ಇರಬೇಕು. ಬಂದವರಲ್ಲಿ ಶೇ 30ರಷ್ಟು ಹೆಂಗಸರು ಇರಬೇಕು. ನಲವತ್ತು ಜನ ಬಂದ ಸಭೆಯ ಹಾಜರಾತಿ ಪುಸ್ತಕದಲ್ಲಿ ಸಂಜೆಯ ಹೊತ್ತಿಗೆ ನೂರಿಪ್ಪತ್ತು ಸಹಿ ಹೇಗೆ ಬರುತ್ತೆ ಅಂತ ನೀವು ಯಾವತ್ತಾದರೂ ಯೋಚಿಸಿದ್ದರೆ ಅದರ ಹಿಂದಿರುವುದು ಈ ಕೋರಂ.

ಮಕ್ಕಳ ಗ್ರಾಮ ಸಭೆ ಮಕ್ಕಳ ದಿನಾಚರಣೆಯಿಂದ ಆಚೆಗೆ, ಸಾಮಾನ್ಯವಾಗಿ ಶಾಲೆಯ ಅಂಗಳದಲ್ಲಿ. ಒಂದು ಮಾತು ಹೇಳಿಬಿಡುತ್ತೇನೆ, ಎಲ್ಲಾ ಸಭೆಗಳಲ್ಲಿ ನೇರವಾಗಿ ಪ್ರಶ್ನೆ ಕೇಳುವುದು ಅಲ್ಲಿ ಮಾತ್ರ. ಶಾಲೆಯ ಶೌಚಾಲಯಕ್ಕೆ ನೀರಿಲ್ಲ ಅಂತ ಏಳನೇ ಕ್ಲಾಸಿನ ಹುಡುಗಿ ಮೈಕ್ ಹಿಡಿದು ಹೇಳಿದರೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಸಾಹೇಬರು ಬೆವರು ಒರೆಸಿಕೊಳ್ಳುತ್ತಾರೆ.

ಸೋಷಿಯಲ್ ಆಡಿಟ್ ಬೇರೆ. ಅದು ಮುಖ್ಯವಾಗಿ ಉದ್ಯೋಗ ಖಾತ್ರಿಯದ್ದು. 2005ರ ಉದ್ಯೋಗ ಖಾತ್ರಿ ಕಾಯ್ದೆಯ 17ನೇ ಸೆಕ್ಷನ್ ಈ ಕೆಲಸವನ್ನು ಗ್ರಾಮ ಸಭೆಯ ಕೈಗೇ ಕೊಟ್ಟಿತ್ತು. ಹೊರಗಿನಿಂದ ತಂಡ ಬಂದು ಮನೆಮನೆಗೆ ಹೋಗಿ, ನೀವು ಕೃಷಿ ಹೊಂಡದ ಕೆಲಸ ಮಾಡಿದಿರಾ, ಕೂಲಿ ಬಂತಾ ಅಂತ ಕೇಳಿ ಬರೆದುಕೊಂಡು, ಅದನ್ನು ಸಭೆಯಲ್ಲಿ ಓದುತ್ತದೆ. ಇನ್ನೊಂದು ಮಾಮೂಲಿ ಆಡಿಟ್. ರಾಜ್ಯದ ಲೆಕ್ಕಪತ್ರ ಇಲಾಖೆಯವರು ಬಂದು ಕಡತ ನೋಡುತ್ತಾರೆ. ವೋಚರ್ ಇದೆಯಾ, ಸಹಿ ಇದೆಯಾ, ಜಿಎಸ್‌ಟಿ ಕಡಿತ ಆಗಿದೆಯಾ, ಅಷ್ಟು ನೋಡುವುದು ಅವರ ಕೆಲಸ. ಚರಂಡಿ ಇದೆಯಾ ಅಂತ ಬೀದಿಗೆ ಬಂದು ನೋಡುವುದು ಅಪರೂಪ.

ಈ ಎರಡರ ನಡುವಿನ ಸಂದಿನಲ್ಲಿ ಇರುವುದೇ ಜಮಾಬಂದಿ. ಉದ್ಯೋಗ ಖಾತ್ರಿ ಒಂದೇ ಅಲ್ಲ, ಪಂಚಾಯಿತಿಗೆ ಬಂದ ಎಲ್ಲಾ ದುಡ್ಡು, ಮಾಡಿದ ಎಲ್ಲಾ ಕೆಲಸ. ಕಡತ ಒಂದೇ ಅಲ್ಲ, ಕಾಮಗಾರಿ ನಡೆದ ಜಾಗವೂ ಸೇರಿ. ಅದೂ ಊರವರ ಎದುರಿಗೆ. ತಾಲ್ಲೂಕಿನಿಂದ ನೋಡಲ್ ಅಧಿಕಾರಿ ಬರುತ್ತಾರೆ, ಜಮಾ ಖರ್ಚು ಓದಿಸುತ್ತಾರೆ, ಕೆಲವು ಕಾಮಗಾರಿಗಳನ್ನು ಹೋಗಿ ನೋಡುತ್ತಾರೆ, ವರದಿ ಬರೆಯುತ್ತಾರೆ. ಶಾನುಭೋಗರ ಕಾಲದಲ್ಲೂ ಜಮಾಬಂದಿ ಇತ್ತು. ಆಗ ಅದು ಕಂದಾಯದ ಲೆಕ್ಕ, ಸರ್ಕಾರಕ್ಕೆ ಊರು ಎಷ್ಟು ಕೊಡಬೇಕು ಅನ್ನುವುದು. ಈಗ ಪಂಚಾಯಿತಿಯೇ ಊರಿಗೆ ಲೆಕ್ಕ ಕೊಡಬೇಕು. ದಿಕ್ಕು ತಿರುಗಿದೆ, ಆದರೆ ಊರಿಗೆ ಅದು ಇನ್ನೂ ತಿಳಿದಂತಿಲ್ಲ.

ಆಗಸ್ಟ್‌ನಲ್ಲಿ ಯಾಕೆ?

ನಿಯಮದ ಪ್ರಕಾರ ಜಮಾಬಂದಿ ನಡೆಯಬೇಕಾದದ್ದು ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ. ಈ ತಾರೀಖನ್ನು ಸುಮ್ನೆ ಇಟ್ಟಿಲ್ಲ. ಪಂಚಾಯಿತಿಯ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಪುಸ್ತಕ ಮುಚ್ಚಿ, ಬ್ಯಾಂಕ್ ಪಾಸ್‌ಬುಕ್ ಜೊತೆ ತಾಳೆ ಹಾಕಿ, ವಾರ್ಷಿಕ ಲೆಕ್ಕ ತಯಾರು ಮಾಡಲು ಕೆಲವು ತಿಂಗಳು ಬೇಕು. ಇನ್ನು ಮುಂದಿನ ವರ್ಷದ ಕ್ರಿಯಾ ಯೋಜನೆ ಮಾಡುವ ಅಭಿಯಾನ ಶುರುವಾಗುವುದು ಅಕ್ಟೋಬರ್ 2ಕ್ಕೆ. ಹಳೇ ಲೆಕ್ಕ ನೋಡಿ ಮುಗಿಸಿ ಹೊಸ ಯೋಜನೆಗೆ ಕೂರಿ ಅನ್ನುವುದು ಇದರ ಹಿಂದಿನ ಯೋಚನೆ. ಹೋದ ವರ್ಷ ಒಂದೇ ಬೀದಿಗೆ ಮೂರು ಕಾಮಗಾರಿ ಹೋಗಿದೆ, ಕಾಲೋನಿಗೆ ಒಂದೂ ಹೋಗಿಲ್ಲ ಅಂತ ಸೆಪ್ಟೆಂಬರ್‌ನಲ್ಲಿ ಗೊತ್ತಾದರೆ ಅಕ್ಟೋಬರ್‌ನಲ್ಲಿ ಸರಿ ಮಾಡಿಕೊಳ್ಳಬಹುದು ಅಲ್ವಾ.

ಆದರೆ ಎಷ್ಟೋ ಕಡೆ ಜಮಾಬಂದಿ ನವೆಂಬರ್‌ಗೋ ಡಿಸೆಂಬರ್‌ಗೋ ಜಾರುತ್ತದೆ. ಗಣೇಶನ ಹಬ್ಬ, ಅಧಿಕಾರಿಗಳಿಗೆ ಬೇರೆ ಡ್ಯೂಟಿ, ಪಿಡಿಒಗೆ ಎರಡು ಪಂಚಾಯಿತಿಯ ಚಾರ್ಜು, ಏನೋ ಒಂದು. ಅಷ್ಟರಲ್ಲಿ ಮುಂದಿನ ವರ್ಷದ ಯೋಜನೆ ಬರೆದು ಕಂಪ್ಯೂಟರಿಗೆ ಹಾಕಿ ಆಗಿರುತ್ತದೆ. ಆಮೇಲೆ ನಡೆಯುವ ಜಮಾಬಂದಿ ಫೋಟೋಗೆ ಮಾತ್ರ. ಹಾಗಾಗಿ ಊರವರು ಕೇಳಬೇಕಾದ ಮೊದಲ ಪ್ರಶ್ನೆ ತೀರಾ ಸಾದಾ: ಈ ವರ್ಷ ನಮ್ಮಲ್ಲಿ ಜಮಾಬಂದಿ ಯಾವತ್ತು? ಆಗಸ್ಟ್ ಮೊದಲ ವಾರದಲ್ಲೇ ಕಚೇರಿಗೆ ಹೋಗಿ ಕೇಳಿ. ಮೊದಲೆಲ್ಲ ತಮಟೆ ಹೊಡೆದು ಸಾರುತ್ತಿದ್ದರು. ಈಗ ಕಸದ ಗಾಡಿಯ ಸ್ಪೀಕರ್ ಇದೆ. ಎಷ್ಟೋ ಪಂಚಾಯಿತಿಗಳಲ್ಲಿ ಆ ಗಾಡಿ ಓಡಿಸುವವರು ನಮ್ಮೂರಿನ ಹೆಣ್ಣುಮಕ್ಕಳೇ. ಹಿಂದಿನ ದಿನ ಬೆಳಗ್ಗೆ ಅದರಲ್ಲಿ ಹಾಕಿಸಿದರೂ ಎಲ್ಲಾ ಹಳ್ಳಿಗೆ ಸುದ್ದಿ ಮುಟ್ಟುತ್ತದೆ. ಹಾಕಿಸುವ ಮನಸ್ಸು ಬೇಕು.

ದುಡ್ಡು ಬರುವ ದಾರಿ

ಓದುವವರು ಒಂದೇ ಉಸಿರಿಗೆ ಓದಿಬಿಡುತ್ತಾರೆ. ಹದಿನೈದನೇ ಹಣಕಾಸು ಇಷ್ಟು, ಶಾಸನಬದ್ಧ ಇಷ್ಟು, ಸ್ವಂತ ಸಂಪನ್ಮೂಲ ಇಷ್ಟು, ಖಾತ್ರಿ ಇಷ್ಟು. ಕೇಳುವವರ ತಲೆ ಮೇಲಿಂದ ಹೋಗುತ್ತದೆ. ಬಿಡಿಸಿದರೆ ಅಷ್ಟೇನೂ ಕಷ್ಟವಿಲ್ಲ.

ಕೇಂದ್ರದ ಹಣಕಾಸು ಆಯೋಗದ ಅನುದಾನ ಒಂದು. 2021ರಿಂದ 2026ರ ಮಾರ್ಚ್‌ವರೆಗಿನ ಅವಧಿಗೆ ಹದಿನೈದನೇ ಆಯೋಗದ್ದು. ಇದರಲ್ಲಿ ಶೇ 60 ಇಂಥದ್ದಕ್ಕೇ ಅಂತ ಕಟ್ಟುಹಾಕಿದ ದುಡ್ಡಾಗಿತ್ತು. ಅಂದರೆ ಶೇ 30 ಕುಡಿಯುವ ನೀರು, ಮಳೆನೀರು ಕೊಯ್ಲು ಇಂಥದ್ದಕ್ಕೆ, ಇನ್ನು ಶೇ 30 ನೈರ್ಮಲ್ಯಕ್ಕೆ. ಉಳಿದ ಶೇ 40 ಮಾತ್ರ ಊರಿನ ಅಗತ್ಯ ನೋಡಿ ಬಳಸಬಹುದಿತ್ತು, ಅದರಲ್ಲೂ ಸಂಬಳ ಕೊಡುವ ಹಾಗಿರಲಿಲ್ಲ. 'ನೀರಿಗೆ ದುಡ್ಡಿಲ್ಲ' ಅಂತ ಯಾರಾದರೂ ಹೇಳಿದರೆ ಈ ಶೇ 30 ಏನಾಯಿತು ಅಂತ ಕೇಳಬಹುದು. ಅದನ್ನು ದೇವಸ್ಥಾನದ ಮುಂದೆ ಟೈಲ್ಸ್ ಹಾಕಿಸಲು ಬಳಸಲು ಬರುವುದಿಲ್ಲ.

ರಾಜ್ಯ ಸರ್ಕಾರದ ಶಾಸನಬದ್ಧ ಅನುದಾನ ಇನ್ನೊಂದು. ಇದರಲ್ಲಿ ದೊಡ್ಡ ಪಾಲು ಬೀದಿ ದೀಪ ಮತ್ತು ಬೋರ್‌ವೆಲ್‌ಗಳ ಕರೆಂಟ್ ಬಿಲ್ಲಿಗೇ ಹೋಗುತ್ತದೆ. ಉದ್ಯೋಗ ಖಾತ್ರಿಯ ಕೂಲಿ ನೇರವಾಗಿ ಕೂಲಿಯವರ ಖಾತೆಗೆ ಬರುತ್ತಿತ್ತು, ಆದರೂ ಕಾಮಗಾರಿ ಆಯ್ಕೆ, ಎನ್‌ಎಂಆರ್ (ಕೂಲಿಯವರ ಹಾಜರಾತಿ ಪಟ್ಟಿ), ಸಾಮಗ್ರಿ ಬಿಲ್ಲು ಪಂಚಾಯಿತಿ ಲೆಕ್ಕದಲ್ಲೇ ಇರುತ್ತಿತ್ತು. ಆಮೇಲೆ ಪಂಚಾಯಿತಿ ತಾನೇ ವಸೂಲಿ ಮಾಡುವ ಕಂದಾಯ, ನೀರಿನ ಶುಲ್ಕ, ಅಂಗಡಿ ಲೈಸೆನ್ಸ್, ಟವರ್ ಶುಲ್ಕ, ಸಂತೆ ಸುಂಕ. ಇದಕ್ಕೆ ಮತ್ತೆ ಬರುತ್ತೇನೆ.

ಮೋಟಾರ್ ರಿಪೇರಿ ಅನ್ನುವ ದೊಡ್ಡ ಬಾಯಿ

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಮಧುಗಿರಿ ಕಡೆ ಯಾವ ಪಂಚಾಯಿತಿಯ ಜಮಾಬಂದಿಗೆ ಹೋದರೂ ಒಂದು ಸಾಲು ಪದೇ ಪದೇ ಕೇಳಿಸುತ್ತದೆ. ಮೋಟಾರ್ ರಿಪೇರಿ. ನಮ್ಮಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಕುಡಿಯುವುದಕ್ಕೂ ಬೋರ್‌ವೆಲ್, ದನಕ್ಕೂ ಬೋರ್‌ವೆಲ್. ಸಾವಿರ ಅಡಿ ದಾಟಿದ ಕೊಳವೆಬಾವಿ ಈ ಕಡೆ ಯಾರಿಗೂ ಹೊಸದಲ್ಲ. ಅಷ್ಟು ಆಳದಿಂದ ನೀರು ಎತ್ತುವ ಮೋಟಾರು ವೋಲ್ಟೇಜ್ ಏರಿಳಿತಕ್ಕೆ ಸುಡುತ್ತದೆ, ನೀರು ಬತ್ತಿದಾಗ ಒಣ ಓಡಿ ಸುಡುತ್ತದೆ. ಸುಟ್ಟರೆ ಪೈಪು ಎತ್ತಬೇಕು, ರೀವೈಂಡಿಂಗ್‌ಗೆ ಕೊಡಬೇಕು, ಮತ್ತೆ ಇಳಿಸಬೇಕು. ಎತ್ತುವ ಗಾಡಿಯ ಬಾಡಿಗೆ ಬೇರೆ, ಕೇಬಲ್ ಬೇರೆ, ಸ್ಟಾರ್ಟರ್, ಪ್ಯಾನಲ್ ಬೋರ್ಡ್ ಬೇರೆ. ನೀರಿಲ್ಲದೆ ಊರು ಒಂದು ದಿನವೂ ಕಾಯುವುದಿಲ್ಲ. ಹಾಗಾಗಿ ಇದು ಯಾವಾಗಲೂ ತುರ್ತು. ತುರ್ತು ಅಂದಮೇಲೆ ಟೆಂಡರ್ ಇಲ್ಲ, ಕೊಟೇಶನ್ ಆಮೇಲೆ ಜೋಡಿಸುವುದು.

ಹೀಗೆ ಸಣ್ಣ ಸಣ್ಣ ಬಿಲ್ಲುಗಳಲ್ಲಿ ಹೋಗುವ ದುಡ್ಡು ವರ್ಷದ ಕೊನೆಗೆ ಕೂಡಿದರೆ ಒಂದು ಸಿಸಿ (ಸಿಮೆಂಟ್ ಕಾಂಕ್ರೀಟ್) ರಸ್ತೆಯನ್ನು ಮೀರಿಸಬಹುದು. ರಸ್ತೆ ಆದರೆ ಕಣ್ಣಿಗೆ ಕಾಣುತ್ತದೆ, ಎಂಟುನೂರು ಅಡಿ ಕೆಳಗಿರುವ ಮೋಟಾರನ್ನು ಯಾರು ನೋಡುತ್ತಾರೆ? ಇದರಲ್ಲಿ ಎಲ್ಲವೂ ಕಳ್ಳ ಲೆಕ್ಕ ಅಂತ ನಾನು ಹೇಳುತ್ತಿಲ್ಲ. ಬೇಸಿಗೆಯಲ್ಲಿ ರಾತ್ರಿ ಹನ್ನೊಂದಕ್ಕೆ ಟಾರ್ಚ್ ಹಿಡಿದು ನಿಂತು ಪೈಪ್ ಎತ್ತಿಸುವ ವಾಟರ್‌ಮ್ಯಾನ್‌ಗಳನ್ನು ಕಂಡವರಿಗೆ ಆ ಮಾತು ಬಾಯಿಗೆ ಬರುವುದಿಲ್ಲ. ಆದರೆ ಲೆಕ್ಕ ಕೇಳಲು ಒಂದು ಸುಲಭ ದಾರಿ ಇದೆ. ಒಟ್ಟು ಮೊತ್ತ ಕೇಳಬೇಡಿ. ಬೋರ್‌ವೆಲ್‌ವಾರು ಕೇಳಿ.

ಅಂದರೆ ಹೀಗೆ. 'ಸಾರ್, ಶಾಲೆ ಹಿಂದಿನ ಬೋರಿಗೆ ಈ ವರ್ಷ ಎಷ್ಟು ಸಲ ಮೋಟಾರ್ ಎತ್ತಿದ್ದೀರಿ? ತಾರೀಖು ಓದಿ.' ಪಂಚಾಯಿತಿ ವೋಚರ್‌ನಲ್ಲಿ ತಾರೀಖು ಇರಲೇಬೇಕು. ಆ ತಾರೀಖಿನ ಆಸುಪಾಸಿನಲ್ಲಿ ಊರಿಗೆ ನೀರು ನಿಂತಿತ್ತಾ ಅನ್ನುವುದು ಹೆಂಗಸರಿಗೆ ಬಾಯಿಪಾಠ. 'ಆ ವಾರ ನಮ್ಮ ನಾದಿನಿ ಮದುವೆ, ನೀರು ಚೆನ್ನಾಗಿಯೇ ಬಂತಲ್ಲ' ಅಂತ ಒಬ್ಬರು ಎದ್ದರೆ ಸಾಕು, ಸಭೆಗೆ ಜೀವ ಬರುತ್ತದೆ. ಮೂರು ತಿಂಗಳಲ್ಲಿ ಒಂದೇ ಬೋರಿನ ಮೋಟಾರ್ ನಾಲ್ಕು ಸಲ ಸುಟ್ಟಿದ್ದರೆ ಎರಡರಲ್ಲಿ ಒಂದು. ಬಿಲ್ಲು ಸರಿ ಇಲ್ಲ, ಅಥವಾ ಆ ಬೋರ್ ಸರಿ ಇಲ್ಲ. ಬೋರ್ ಸರಿ ಇಲ್ಲದಿದ್ದರೆ ಇನ್ನೂ ಅದಕ್ಕೇ ದುಡ್ಡು ಸುರಿಯುವ ಬದಲು ಬೇರೆ ದಾರಿ ಹುಡುಕಬೇಕು. ಎರಡೂ ಊರಿಗೆ ಗೊತ್ತಾಗಬೇಕಾದ ವಿಷಯವೇ.

ಕೋಲಾರದವರು ಇನ್ನೊಂದು ಪ್ರಶ್ನೆ ಸೇರಿಸಬಹುದು. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕಳಿಸಿದ್ದು, ಲಕ್ಷ್ಮೀಸಾಗರ ಕೆರೆಗೆ ಬಂತು, ಅಲ್ಲಿಂದ ಕೆರೆಯಿಂದ ಕೆರೆಗೆ ಹರಿಯಿತು, ಬತ್ತಿದ್ದ ಎಷ್ಟೋ ಬೋರ್‌ಗಳಲ್ಲಿ ನೀರು ಮೇಲೆ ಬಂತು. ನೀರಿನ ಗುಣಮಟ್ಟದ ಬಗ್ಗೆ ಇರುವ ಜಗಳ ಬೇರೆ, ಅದು ಇಲ್ಲಿ ಬೇಡ. ಕೆರೆ ತುಂಬಿದ ಊರುಗಳಲ್ಲಿ ಒಣ ಓಡಿ ಮೋಟಾರ್ ಸುಡುವುದು ಕಮ್ಮಿ ಆಗಬೇಕಲ್ಲ? ಹಿಂದಿನ ಮೂರು ವರ್ಷದ ರಿಪೇರಿ ಖರ್ಚು ಪಕ್ಕಪಕ್ಕ ಇಟ್ಟು ತೋರಿಸಿ ಅಂತ ಕೇಳಿ. ಕಮ್ಮಿ ಆಗಿದ್ದರೆ ಸಂತೋಷ. ಆಗಿಲ್ಲದಿದ್ದರೆ ಕಾರಣ ಹೇಳಲಿ.

ಜಲ ಜೀವನ್ ನಲ್ಲಿಯದ್ದೂ ಇದೇ ಲೆಕ್ಕ. ತಲೆಗೆ ದಿನಕ್ಕೆ 55 ಲೀಟರ್ ಅನ್ನುವುದು ಯೋಜನೆಯ ಮಾತು. ಐದು ಜನರ ಮನೆಗೆ 275 ಲೀಟರ್. ನಿಮ್ಮ ಮನೆಯ ಕೊಡ ಹದಿನೈದು ಲೀಟರಿನದ್ದಾದರೆ ದಿನಕ್ಕೆ ಹದಿನೆಂಟು ಕೊಡ. ನಲ್ಲಿ ಕೂತಿದೆಯಾ ಅಂತ ಅವರು ಬರೆದಿರುತ್ತಾರೆ, ಎಷ್ಟು ಕೊಡ ಬರುತ್ತೆ ಅಂತ ನೀವು ಹೇಳಬೇಕು.

ಒಂದು ರಸ್ತೆಯ ಕಡತ

ಸಭೆಯಲ್ಲಿ ಎದ್ದು ನಿಂತು 'ಎಲ್ಲಾ ತಿಂದಿದ್ದೀರಿ' ಅಂತ ಕೂಗಿದರೆ ಚಪ್ಪಾಳೆ ಸಿಗಬಹುದು, ಉತ್ತರ ಸಿಗುವುದಿಲ್ಲ. ಅಧಿಕಾರಿಗಳಿಗೆ ಅಂಥ ಮಾತು ಬಹಳ ಇಷ್ಟ ಅಂತಲೇ ನನ್ನ ಅನುಮಾನ. ಏಕೆಂದರೆ ಅದಕ್ಕೆ ಉತ್ತರ ಕೊಡಬೇಕಾಗಿಲ್ಲ. ಅದರ ಬದಲು ನಿಮ್ಮ ಬೀದಿಯ ಒಂದೇ ಒಂದು ಕಾಮಗಾರಿ ಆರಿಸಿಕೊಳ್ಳಿ. ಸಿಸಿ ರಸ್ತೆ ಅಂತಿಟ್ಟುಕೊಳ್ಳಿ. ಅದರ ಕಡತ ತರಿಸಿ ಅನ್ನಿ.

ಕಡತದಲ್ಲಿ ಎಸ್ಟಿಮೇಟ್ ಇರುತ್ತದೆ, ಮಂಜೂರಾತಿ ಇರುತ್ತದೆ, ಕೆಲಸದ ಆದೇಶ, ಬಿಲ್ಲು, ಫೋಟೋಗಳು. ಇವೆಲ್ಲಕ್ಕಿಂತ ಮುಖ್ಯವಾದದ್ದು ಎಂಬಿ, ಅಂದರೆ ಎಂಜಿನಿಯರ್ ಅಳತೆ ಬರೆಯುವ ಪುಸ್ತಕ. ಕೆಲಸ ಎಷ್ಟಾಗಿದೆ ಅಂತ ಅದರಲ್ಲಿ ಬರೆದ ಮೇಲೇ ಬಿಲ್ಲು ಆಗುವುದು. ಉದ್ದ, ಅಗಲ, ದಪ್ಪ, ಮೂರೇ ಅಂಕಿ. ಆದರೆ ಮೀಟರಿನಲ್ಲಿ ಇರುತ್ತದೆ, ಊರವರ ಬಾಯಲ್ಲಿ ಇರುವುದು ಅಡಿ. ಈ ಒಂದು ಕಾರಣಕ್ಕೇ ಎಷ್ಟೋ ಲೆಕ್ಕ ಬಚಾವಾಗುತ್ತದೆ. ಒಂದು ಮೀಟರ್ ಅಂದರೆ ಸುಮಾರು 3.28 ಅಡಿ. 100 ಮೀಟರ್ ರಸ್ತೆ ಅಂದರೆ 328 ಅಡಿ. ಟೇಪ್ ಇಲ್ಲದಿದ್ದರೆ ಗಾರೆ ಕೆಲಸದವರ ಹತ್ತಿರ ಇರುತ್ತದೆ, ಹಿಂದಿನ ದಿನವೇ ಇಸ್ಕೊಂಡು ಅಳೆದುಬಿಡಿ.

ಉದ್ದ, ಅಗಲದಲ್ಲಿ ಮೋಸ ಮಾಡುವುದು ಕಷ್ಟ, ಯಾರು ಬೇಕಾದರೂ ಅಳೆಯಬಹುದು. ದಪ್ಪದಲ್ಲಿ ಸುಲಭ, ಅದು ಮಣ್ಣಿನೊಳಗೆ ಇರುತ್ತದೆ. ಲೆಕ್ಕ ಹಾಕಿ ನೋಡಿ. 100 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪ ಅಂತ ಬರೆದಿದ್ದರೆ 45 ಘನ ಮೀಟರ್ ಕಾಂಕ್ರೀಟ್ ಹಾಕಿರಬೇಕು. ಹಾಕಿದ್ದು 10 ಸೆಂಟಿಮೀಟರ್ ಆದರೆ 30 ಘನ ಮೀಟರ್. ಮೇಲಿಂದ ನೋಡಿದರೆ ಒಂದೇ ಥರ ಕಾಣುವ ರಸ್ತೆಯಲ್ಲಿ ಮೂರನೇ ಒಂದು ಭಾಗ ಕಾಂಕ್ರೀಟ್ ಇಲ್ಲ. ಐದು ಸೆಂಟಿಮೀಟರ್ ಅಂದರೆ ಎರಡು ಇಂಚು. ರಸ್ತೆಯ ಅಂಚಿನಲ್ಲಿ ಮಣ್ಣು ಸ್ವಲ್ಪ ಸರಿಸಿ ಸ್ಕೇಲ್ ಇಟ್ಟರೆ ಗೊತ್ತಾಗುತ್ತದೆ. ಹಾಂ, ಅಂಚಿನಲ್ಲಿ ಮಾತ್ರ ದಪ್ಪ ಕೊಟ್ಟು ನಡುವೆ ತೆಳು ಮಾಡುವ ಬುದ್ಧಿವಂತರೂ ಇದ್ದಾರೆ. ನಲ್ಲಿ ಪೈಪಿಗೆ ರಸ್ತೆ ಅಗೆದಾಗ ಅಂಥ ಗುಟ್ಟು ಬಯಲಾಗುತ್ತದೆ. ಅವತ್ತು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡವರು ಜಮಾಬಂದಿಯಲ್ಲಿ ರಾಜರು.

ಚರಂಡಿಗೆ ಬಂದರೆ ಇನ್ನೊಂದು ವಿಷಯ. ಒಂದೇ ಮೋರಿ ಎರಡು ಹೆಸರಿನಲ್ಲಿ ಬರುತ್ತದೆ. ಒಂದು ಕಡೆ 'ಮಾರಮ್ಮನ ಗುಡಿಯಿಂದ ಡೇರಿವರೆಗೆ', ಇನ್ನೊಂದು ಕಡೆ 'ಡೇರಿಯಿಂದ ಮುನಿಯಪ್ಪನವರ ಮನೆವರೆಗೆ'. ನಿಜವಾಗಿ ಎರಡು ತುಂಡು ಇರಬಹುದು, ಅಥವಾ ಗುಡಿ, ಡೇರಿ, ಮುನಿಯಪ್ಪನ ಮನೆ ಮೂರೂ ಒಂದೇ ಸಾಲಿನ ನಾಲ್ಕು ಮಾರಿನಲ್ಲಿ ಇರಬಹುದು. ಹೊರಗಿನಿಂದ ಬಂದ ನೋಡಲ್ ಅಧಿಕಾರಿಗೆ ಇದು ಗೊತ್ತಾಗುವುದೇ ಇಲ್ಲ. ಊರಿನ ಹತ್ತು ವರ್ಷದ ಹುಡುಗನಿಗೆ ಗೊತ್ತು. ಕಾಮಗಾರಿ ತುಂಡು ಮಾಡುವುದಕ್ಕೆ ಇನ್ನೂ ಒಂದು ಕಾರಣ ಇರುತ್ತದೆ. ಟೆಂಡರ್ ಕರೆಯಬೇಕಾದ ಮಿತಿಯ ಕೆಳಗೆ ಉಳಿಸಿಕೊಂಡು ಬೇಕಾದವರಿಗೆ ಕೊಡುವುದು. ಒಂದೇ ತಿಂಗಳಲ್ಲಿ ಅಕ್ಕಪಕ್ಕ, ಹೆಚ್ಚುಕಮ್ಮಿ ಒಂದೇ ಮೊತ್ತ, ಒಬ್ಬರೇ ಗುತ್ತಿಗೆದಾರರು ಅಂತ ಕಂಡರೆ ಯಾಕೆ ಸೇರಿಸಿ ಟೆಂಡರ್ ಕರೆಯಲಿಲ್ಲ ಅಂತ ಕೇಳಿ.

ಇಷ್ಟಕ್ಕೆ ಜಮಾಬಂದಿವರೆಗೆ ಕಾಯಬೇಕಾಗಿಯೂ ಇಲ್ಲ. ಹಣಕಾಸು ಆಯೋಗದ ದುಡ್ಡಿನ ಪಾವತಿ ಇ-ಗ್ರಾಮ ಸ್ವರಾಜ್ ಜಾಲತಾಣದಲ್ಲಿ ಸಿಗುತ್ತದೆ. ಪಂಚಾಯಿತಿ ಹೆಸರು ಹಾಕಿದರೆ ಯೋಜನೆ, ಖರ್ಚು ಕಾಣುತ್ತದೆ. ಹಳ್ಳಿಯಲ್ಲಿ ಡಿಗ್ರಿ ಓದುವ ಹುಡುಗರು ಇದನ್ನು ಅರ್ಧ ಗಂಟೆಯಲ್ಲಿ ತೆಗೆದುಕೊಡುತ್ತಾರೆ. ಅರಿವು ಕೇಂದ್ರ ಅಂತ ಹೆಸರು ಬದಲಾದ ಪಂಚಾಯಿತಿ ಲೈಬ್ರರಿಗಳಲ್ಲಿ ಕಂಪ್ಯೂಟರ್ ಇರುವ ಕಡೆ ಅಲ್ಲೇ ಕೂತು ನೋಡಬಹುದು.

ಬಾಕಿ ಯಾರದ್ದು?

ಖರ್ಚಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ವಸೂಲಿ ವಿಷಯ ಬಂದರೆ ಸಭೆ ತಣ್ಣಗಾಗುತ್ತದೆ, ಏಕೆಂದರೆ ಕೂತವರಲ್ಲಿ ಅರ್ಧ ಜನ ಬಾಕಿದಾರರು. ಪಂಚಾಯಿತಿ ಡಿಸಿಬಿ ಅಂತ ಒಂದು ಪಟ್ಟಿ ಇಡುತ್ತದೆ. ಬೇಡಿಕೆ, ವಸೂಲಿ, ಬಾಕಿ. ಉದಾಹರಣೆಗೆ ಹಳೇ ಬಾಕಿ 12 ಲಕ್ಷ, ಈ ವರ್ಷದ ಕಂದಾಯ 8 ಲಕ್ಷ, ಒಟ್ಟು ಬೇಡಿಕೆ 20 ಲಕ್ಷ ಅಂತಿಟ್ಟುಕೊಳ್ಳಿ. ವಸೂಲಾದದ್ದು 7 ಲಕ್ಷ. 'ಈ ವರ್ಷದ 8ರಲ್ಲಿ 7 ಬಂದಿದೆ, ಪರವಾಗಿಲ್ಲ' ಅಂತ ಓದಿಬಿಡಬಹುದು. ಆದರೆ ಆ 7ರಲ್ಲಿ ಹಳೇ ಬಾಕಿ ಎಷ್ಟು, ಈ ವರ್ಷದ್ದು ಎಷ್ಟು ಅಂತ ಬಿಡಿಸಿದಾಗ ಮಾತ್ರ ನಿಜ ಗೊತ್ತಾಗುವುದು. ಮುಂದಿನ ವರ್ಷಕ್ಕೆ ಹೋಗುವ ಬಾಕಿ 13 ಲಕ್ಷ, ಅಂದರೆ ಗುಂಡಿ ಆಳವಾಗಿದೆ.

ಬಾಕಿ ಪಟ್ಟಿಯಲ್ಲಿ ಮೇಲಿನ ಇಪ್ಪತ್ತು ಹೆಸರು ಓದಿ ಅಂತ ಕೇಳುವುದು ಧೈರ್ಯದ ಕೆಲಸ. ಗುಡಿಸಲಿನ ಅಜ್ಜಿಯ ನೂರೈವತ್ತು ರೂಪಾಯಿಗೆ ನೀರು ಬಂದ್ ಮಾಡ್ತೀವಿ ಅನ್ನುವ ಪಂಚಾಯಿತಿಗಳಲ್ಲಿ ದೊಡ್ಡ ಬಾಕಿ ಇರುವುದು ಕಲ್ಯಾಣ ಮಂಟಪ, ಕ್ರಷರ್, ಇಟ್ಟಿಗೆ ಫ್ಯಾಕ್ಟರಿ, ಲೇಔಟ್‌ಗಳದ್ದೇ ಇರಬಹುದು. ನರಸಾಪುರ, ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶದ ಪಕ್ಕದ ಪಂಚಾಯಿತಿಗಳಿಗೂ ಕಂದಾಯ ಎಂದರೆ ಬರೀ ಹಂಚಿನ ಮನೆಗಳ ಲೆಕ್ಕವಲ್ಲ. ಅಲ್ಲಿ ಒಂದೊಂದು ಕಟ್ಟಡದ ಅಳತೆ ಸರಿಯಾಗಿ ಬರೆದಿದ್ದಾರಾ ಅನ್ನುವುದೇ ಊರಿನ ಬಜೆಟ್ಟನ್ನು ತೀರ್ಮಾನ ಮಾಡುತ್ತದೆ.

ಕಂದಾಯದ ಜೊತೆ ಆರೋಗ್ಯ, ಶಿಕ್ಷಣ, ಗ್ರಂಥಾಲಯ, ಭಿಕ್ಷುಕರ ಕರ ಅಂತ ಸೆಸ್‌ಗಳನ್ನೂ ಕಟ್ಟುತ್ತೇವೆ. ರಸೀದಿ ತೆಗೆದು ನೋಡಿ, ಬೇರೆ ಬೇರೆ ಸಾಲಿನಲ್ಲಿ ಇರುತ್ತದೆ. ಗ್ರಂಥಾಲಯದ್ದು ಶೇ 6. ಇವು ಪಂಚಾಯಿತಿ ತನ್ನ ಇಷ್ಟಕ್ಕೆ ಖರ್ಚು ಮಾಡುವ ದುಡ್ಡಲ್ಲ, ಆಯಾ ಬಾಬ್ತಿಗೇ ಹೋಗಬೇಕು. ಹೋಗಿದೆಯಾ ಅಂತ ಒಂದು ಸಾಲಿನ ಪ್ರಶ್ನೆ. ಅಂಗವಿಕಲರಿಗೆಂದು ತೆಗೆದಿಡಬೇಕಾದ ಶೇ 5, ಪರಿಶಿಷ್ಟ ಜಾತಿ, ಪಂಗಡದವರ ಪಾಲು, ಇವೂ ಅಷ್ಟೇ. ಮಾರ್ಚ್ ಕೊನೆಯ ವಾರದಲ್ಲಿ ಅವಸರದಲ್ಲಿ ಏನೋ ಹಂಚಿ ಲೆಕ್ಕ ತೋರಿಸಿದ್ದಾರಾ, ಯಾರಿಗೆ ಕೊಟ್ಟರು, ಹೆಸರು ಓದಿ.

ಮಾತಾಡುವವರು ಯಾರು?

ಪಂಚಾಯಿತಿಯಲ್ಲಿ ಅರ್ಧ ಸ್ಥಾನ ಹೆಂಗಸರಿಗೆ ಮೀಸಲು. ಅಧ್ಯಕ್ಷರ ಕುರ್ಚಿಯಲ್ಲಿ ಮೇಡಂ ಕೂತಿರುತ್ತಾರೆ, ಉತ್ತರ ಮಾತ್ರ ಕಿಟಕಿ ಪಕ್ಕ ನಿಂತ ಅವರ ಯಜಮಾನರಿಂದ ಬರುತ್ತದೆ. ಇದನ್ನು ತಮಾಷೆ ಮಾಡಿ ಮಾಡಿ ಹಳತಾಗಿದೆ, ಆದರೆ ಜಮಾಬಂದಿಯಲ್ಲಿ ಇದು ತಮಾಷೆಯಲ್ಲ. ಚೆಕ್ಕಿಗೂ, ಪಾವತಿಗೂ ಅಧ್ಯಕ್ಷರ ಒಪ್ಪಿಗೆ ಬೇಕು. ನಾಳೆ ಲೆಕ್ಕ ತಪ್ಪಿದರೆ ನೋಟಿಸ್ ಬರುವುದು ಆಯಮ್ಮನ ಹೆಸರಿಗೆ, ಕಿಟಕಿ ಪಕ್ಕದವರಿಗಲ್ಲ. 'ಅಧ್ಯಕ್ಷರೇ, ನೀವೇ ಹೇಳಿ ಅಕ್ಕ' ಅಂತ ಯಾರಾದರೂ ಪ್ರೀತಿಯಿಂದಲೇ ಒತ್ತಾಯ ಮಾಡಬೇಕು. ಎರಡನೇ ವರ್ಷಕ್ಕೆ ಕಾಗದ ಕೈಯಲ್ಲಿ ಹಿಡಿದು ಅವರೇ ಓದುವುದನ್ನು ಕಾಣಬಹುದು.

ಭಾಷೆಯ ತೊಂದರೆಯೂ ಸಣ್ಣದಲ್ಲ. ಬಾಗೇಪಲ್ಲಿ, ಮುಳಬಾಗಿಲು, ಪಾವಗಡ ಕಡೆ ಮನೆಯಲ್ಲಿ ತೆಲುಗು, ಸಭೆಯಲ್ಲಿ ಕನ್ನಡ, ಕಾಗದದಲ್ಲಿ ಇಂಗ್ಲಿಷ್ ಬೆರೆತ ಕಚೇರಿ ಕನ್ನಡ. 'ಸದರಿ ಮೊತ್ತವನ್ನು ಭರಿಸಲಾಗಿರುತ್ತದೆ' ಅಂತ ಓದಿದರೆ ಕನ್ನಡದವರಿಗೇ ತಿಳಿಯುವುದಿಲ್ಲ. 'ಕೊಟ್ಟಿದ್ದೀವಿ ಅಂತ ಅರ್ಥವಾ ಸಾರ್?' ಅಂತ ಕೇಳುವುದರಲ್ಲಿ ನಾಚಿಕೆ ಇಲ್ಲ. ಅರ್ಥವಾಗುವವರೆಗೆ ಕೇಳಿ, ಸಭೆ ಕರೆದಿರುವುದು ಅದಕ್ಕೇ.

ಸಭೆ ಮುಗಿದ ಮೇಲೆ

ನಡಾವಳಿ ಪುಸ್ತಕ ಒಂದಿರುತ್ತದೆ. ಸಭೆಯಲ್ಲಿ ಏನಾಯಿತು ಅಂತ ಬರೆಯುವುದು ಅದರಲ್ಲೇ. ಬರೆಯದೇ ಇದ್ದದ್ದು ನಡೆದೇ ಇಲ್ಲ ಅಂತ ಲೆಕ್ಕ. ನೀವು ಅರ್ಧ ಗಂಟೆ ವಾದ ಮಾಡಿರಬಹುದು, ಪುಸ್ತಕದಲ್ಲಿ 'ಸಭೆಯು ಲೆಕ್ಕಪತ್ರಗಳನ್ನು ಸರ್ವಾನುಮತದಿಂದ ಅನುಮೋದಿಸಿತು' ಅಂತ ಬಂದರೆ ಮುಗಿಯಿತು. ಖಾಲಿ ಹಾಳೆಗೆ ಸಹಿ ಹಾಕಬೇಡಿ. ಹಾಜರಾತಿಗೆ ಹಾಕುವ ಸಹಿ ಬೇರೆ, ಒಪ್ಪಿಗೆಗೆ ಹಾಕುವ ಸಹಿ ಬೇರೆ. ನಿಮ್ಮ ಪ್ರಶ್ನೆಯನ್ನು ಮೊದಲೇ ಒಂದು ಹಾಳೆಯಲ್ಲಿ ಬರೆದು ತಂದು, ಎರಡು ಪ್ರತಿ ಮಾಡಿ, ಒಂದನ್ನು ನೋಡಲ್ ಅಧಿಕಾರಿಗೆ ಕೊಟ್ಟು ಇನ್ನೊಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಬಾಯಿ ಮಾತಿಗಿಂತ ಇದು ಹತ್ತು ಪಟ್ಟು ಕೆಲಸ ಮಾಡುತ್ತದೆ.

ಕಡತ ತೋರಿಸಲಿಲ್ಲ, 'ಎಂಬಿ ಎಂಜಿನಿಯರ್ ಹತ್ತಿರ ಇದೆ' ಅಂದರು ಅಂತಿಟ್ಟುಕೊಳ್ಳಿ. ಇದು ಸಾಮಾನ್ಯ ಉತ್ತರ. ಆಗ ಮಾಹಿತಿ ಹಕ್ಕು ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ. ಕರ್ನಾಟಕದಲ್ಲಿ ಅರ್ಜಿ 150 ಪದದ ಒಳಗೆ, ಒಂದೇ ವಿಷಯಕ್ಕೆ ಇರಬೇಕು. ಜೆರಾಕ್ಸ್‌ಗೆ ಪುಟಕ್ಕೆ 2 ರೂಪಾಯಿ. 30 ದಿನದಲ್ಲಿ ಉತ್ತರ ಕೊಡಬೇಕು. 'ಪಂಚಾಯಿತಿಯ ಎಲ್ಲಾ ಖರ್ಚಿನ ವಿವರ ಕೊಡಿ' ಅಂತ ಬರೆದರೆ ಸಾವಿರ ಪುಟಕ್ಕೆ ದುಡ್ಡು ಕಟ್ಟಿ ಅಂತ ಹಿಂಬರಹ ಬರುತ್ತದೆ. ಇಂಥ ರಸ್ತೆಯ ಎಂಬಿ ಮತ್ತು ಬಿಲ್ಲಿನ ಪ್ರತಿ ಅಂತ ಬರೆದರೆ ಹತ್ತು ಹನ್ನೆರಡು ಪುಟದಲ್ಲಿ ಮುಗಿಯುತ್ತದೆ.

ಇನ್ನು ಜಮಾಬಂದಿಯೇ ನಡೆಯಲಿಲ್ಲ, ಗ್ರಾಮ ಸಭೆಯನ್ನೂ ಕರೆಯಲಿಲ್ಲ ಅಂದರೆ ತಾಲ್ಲೂಕು ಪಂಚಾಯಿತಿ ಇಒಗೆ (ಕಾರ್ಯನಿರ್ವಾಹಕ ಅಧಿಕಾರಿಗೆ) ಬರೆದು ಕೊಡಿ. ಪಂಚಾಯಿತಿ ಗ್ರಾಮ ಸಭೆ ಕರೆಯದೇ ಹೋದರೆ ಅವರೇ ಕರೆಯಬೇಕು ಅಂತ ಕಾಯ್ದೆಯಲ್ಲೇ ಇದೆ.

ಜಮಾಬಂದಿ ವರದಿ ಬಂದ ಮೇಲೆ ಅದರ ಒಂದು ಪ್ರತಿ ಇಟ್ಟುಕೊಂಡು ಅಕ್ಟೋಬರ್‌ನ ಗ್ರಾಮ ಸಭೆಗೆ ಹೋಗಿ. ಶಾಲೆ ಹಿಂದಿನ ಬೋರಿಗೆ ನಾಲ್ಕು ಸಲ ರೀವೈಂಡಿಂಗ್ ಆಗಿದೆ ಅಂತ ವರದಿಯಲ್ಲಿ ಇದ್ದರೆ, ಮುಂದಿನ ವರ್ಷದ ಯೋಜನೆಯಲ್ಲಿ ರಿಪೇರಿ ಬದಲು ಹೊಸ ಮೋಟಾರ್ ಮತ್ತು ಒಣ ಓಡದಂತೆ ತಡೆಯುವ ಪ್ಯಾನಲ್ ಬೋರ್ಡ್ ಸೇರಿಸಿ ಅಂತ ಹೇಳಿ, ಅದನ್ನು ನಡಾವಳಿಯಲ್ಲಿ ಬರೆಸಿ, ಕೆಳಗೆ ಕ್ರಮ ಸಂಖ್ಯೆ ಹಾಕಿದ್ದಾರಾ ನೋಡಿಕೊಂಡು ಬನ್ನಿ.